ಕೌದಿಯ ಒಳಪದರು

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಟ್ರಂಕಿನ ತಳ ಕೆದಕಿದರೆ ಹೊಲಿಸದೆ ಉಳಿದ ಖಣಗಳ ಗಂಟೊಂದು ಸಿಕ್ಕೇ ಸಿಗುತ್ತದೆ. ಮದುವೆ, ಕುಬಸದ ಕಾರ್ಯ, ತೊಟ್ಟಿಲು, ನವರಾತ್ರಿ, ತವರಿನಿಂದ ಹೊರಟು ನಿಂತ ಗಳಿಗೆ, ಹೀಗೆ ಉಡಿ ತುಂಬುವ ಸಂದರ್ಭಗಳಿಗೆ ಕೊನೆಯಿಲ್ಲ. ಉಡಿಯ ಅಕ್ಕಿ ಅಡುಗೆಗೆ ಹೋಗುತ್ತದೆ, ಕಾಯಿ ಚಟ್ನಿಗೆ ಹೋಗುತ್ತದೆ, ಉತ್ತತ್ತಿ ಮಕ್ಕಳ ಬಾಯಿಗೆ. ಖಣ ಮಾತ್ರ ಮಡಿಕೆ ಬಿಚ್ಚದೆ ಕೂತಿರುತ್ತದೆ. ತೊಡುವ ಕಾಲ ದಾಟಿರುತ್ತದೆ, ಕೊಟ್ಟವರ ಮುಖ ಕಣ್ಣಿಗೆ ಕಟ್ಟಿರುವುದರಿಂದ ಇನ್ನೊಬ್ಬರ ಉಡಿಗೆ ದಾಟಿಸಲು ಮನಸ್ಸಾಗುವುದಿಲ್ಲ.

ಗೆಳತಿಯರೆಲ್ಲ ಕೂಡಿ ಕೌದಿ ಹೊಲಿಯೋಣ ಎಂದು ಮೊದಲ ಸಲ ಮಾತಾದಾಗ, ವಿಷಯ ಯಾವುದಿರಬೇಕು ಎಂಬುದಕ್ಕೆ ಚರ್ಚೆಯೇ ಬೇಕಾಗಲಿಲ್ಲ. ಎಲ್ಲರ ಮನೆಯಲ್ಲೂ ಆ ಗಂಟು ಇತ್ತು.

ನಾವೆಲ್ಲ ಧಾರವಾಡದ ಒಂದೇ ಕಾಲೇಜಿನಲ್ಲಿ ಓದಿದವರು. ಮದುವೆ, ನೌಕರಿ ಎಂದು ಊರೂರು ಸುತ್ತಿ ನಿವೃತ್ತಿಯ ಹೊತ್ತಿಗೆ ಮತ್ತೆ ಇಲ್ಲಿಗೇ ಬಂದು ಸೇರಿದವರು. ಒಬ್ಬಳು ಬ್ಯಾಂಕಿನಲ್ಲಿದ್ದಳು, ಇನ್ನೊಬ್ಬಳು ಗಣಿತ ಕಲಿಸುತ್ತಿದ್ದಳು, ಮತ್ತೊಬ್ಬಳು ಹುಬ್ಬಳ್ಳಿಯ ಹತ್ತಿರ ಒಕ್ಕಲುತನದ ದೊಡ್ಡ ಮನೆ ನಡೆಸಿದವಳು. ಅವರಲ್ಲೊಬ್ಬಳ ತೋಟದ ಮನೆ ಹಳಿಯಾಳದ ರಸ್ತೆಯಿಂದ ಒಳಗೆ ಇದೆ. ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಶುರುವಾಗುವ ಜಾಗ. ಆ ಮನೆಯ ಪಡಸಾಲೆ ಎರಡು ಕೌದಿಗಳನ್ನು ಪಕ್ಕಪಕ್ಕ ಹಾಸುವಷ್ಟು ಅಗಲ. ಪ್ರತಿ ವರ್ಷ ಹಿಂಗಾರಿ ಸುಗ್ಗಿ ಮುಗಿದ ಮೇಲೆ, ಮಳೆಗೆ ಮುಂಚೆ ನಾವು ಅಲ್ಲಿ ಸೇರುತ್ತೇವೆ. ಕೌದಿಯ ಕಾಲವೂ ಹಿಂದಿನಿಂದ ಅದೇ. ಹೊಲದಲ್ಲಿ ಕೆಲಸವಿಲ್ಲ, ಒಗೆದು ಹಾಕಿದ ಅರಿವೆ ಮಧ್ಯಾಹ್ನದೊಳಗೆ ಗರಿಗರಿ ಒಣಗುತ್ತದೆ, ಮಳೆಗಾಲದ ತಂಡಿಗೆ ಹೊದಿಕೆ ತಯಾರಾಗಬೇಕು.

ಅಲ್ಲಿನ ದಿನಚರಿ ಬೆಳಕನ್ನು ನೋಡಿಕೊಂಡು ನಡೆಯುತ್ತದೆ. ಬೆಳಗಿನ ಬೆಳಕು ಹೊಲಿಗೆಗೆ, ಮಧ್ಯಾಹ್ನ ಅರಿವೆ ಆರಿಸುವುದಕ್ಕೆ, ಕತ್ತರಿಸುವುದಕ್ಕೆ. ರಾತ್ರಿ ಬರೀ ಮಾತು. ನಮ್ಮ ಕಣ್ಣುಗಳಿಗೆ ಸೂಜಿಗೆ ದಾರ ಪೋಣಿಸುವುದು ಕಷ್ಟ. ತೋಟ ನೋಡಿಕೊಳ್ಳುವವರ ಮಗಳು ಶಾಲೆಗೆ ಹೋಗುವ ಮುಂಚೆ ಬಂದು ಒಂದು ಸಾಲು ಸೂಜಿಗಳಿಗೆ ಪೋಣಿಸಿ, ದಪ್ಪ ಅರಿವೆಯ ತುಂಡಿಗೆ ಚುಚ್ಚಿಟ್ಟು ಹೋಗುತ್ತಾಳೆ. ಅವಳು ರಜೆಯಲ್ಲಿದ್ದರೆ ಆ ದಿನ ನಮ್ಮ ಭಾಗ್ಯ ದೊಡ್ಡದು. ಎಣ್ಣೆಯ ಕೈ ಅರಿವೆಗೆ ತಾಗಬಾರದೆಂದು ಮಿರ್ಚಿ, ಚುರಮುರಿ ಎಲ್ಲ ಸೂಜಿ ಎತ್ತಿಟ್ಟ ಮೇಲೆಯೇ. ಈ ನೇಮವನ್ನು ಎಲ್ಲರೂ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ.

ಖಣಗಳ ಗಂಟುಗಳನ್ನು ಬಿಚ್ಚಿ ಜಮಖಾನದ ಮೇಲೆ ಹರಡಿದ ಮೊದಲ ದಿನ ಪಡಸಾಲೆಗೆ ಪಡಸಾಲೆಯೇ ಬೆಳಗಿತು. ಗುಳೇದಗುಡ್ಡದ ಮಗ್ಗದಲ್ಲಿ ಮೂಡುವ ಚಿತ್ತಾರಗಳಿಗೆ ಒಂದೊಂದಕ್ಕೂ ಹೆಸರಿದೆ: ತೇರು, ಆನೆ ಹೆಜ್ಜೆ, ತುಳಸಿ ಪಾನ, ಸೂರ್ಯನಾರಾಯಣ, ಸಿದ್ಧೇಶ್ವರ ಮುಕುಟ. ಗಣಿತದ ಗೆಳತಿ ಗ್ರಾಫ್ ಹಾಳೆಯಲ್ಲಿ ಬಣ್ಣದ ಪೆನ್ಸಿಲ್ಲಿನಿಂದ ವಿನ್ಯಾಸ ಬರೆದುಕೊಂಡು ಬಂದಿದ್ದಳು. ನಡುವೆ ಕೆಂಪು, ಸುತ್ತ ಹಸಿರು, ಅದರಾಚೆ ನೇರಳೆ. ಅದಕ್ಕಾಗಿ ಪ್ರತಿ ಖಣವನ್ನೂ ನಾಲ್ಕು ತ್ರಿಕೋನವಾಗಿ ಕತ್ತರಿಸಬೇಕಿತ್ತು.

“ಉಡಿಯಾಗ ಬಿದ್ದ ಖಣಕ್ಕ ಕತ್ತರಿ ಹಾಕೂದು ಬ್ಯಾಡ” ಎಂದಳು ಬ್ಯಾಂಕಿನಾಕೆ.

“ಕುಬಸಾ ಹೊಲಿಸಿದ್ರ ಕತ್ತರಿ ಹಾಕ್ತಿದ್ದಿಲ್ಲೇನ?”

“ಅದು ಮೈಮ್ಯಾಲೆ ಬರ್ತಿತ್ತು. ಅದ್ರ ಮಾತು ಬ್ಯಾರೆ.”

ವಾದ ಊಟದ ತನಕ ಎಳೆಯಿತು. ಅದರ ನಡುವೆಯೇ ಯಾರೋ ಒಂದು ಹಸಿರು ಖಣ ಎತ್ತಿ, ಇದು ನನ್ನ ಸೋದರತ್ತೆ ಕೊಟ್ಟಿದ್ದು, ಅವರು ಕೊಟ್ಟ ಕೊನೆಯದು ಎಂದಳು. ಇನ್ನೊಬ್ಬಳು ತನ್ನದೊಂದನ್ನು ಎತ್ತಿದಳು. ಅದು ಬಾಣಂತನ ಮುಗಿಸಿ ಹೊರಟಾಗ ಓಣಿಯ ಬಳೆಗಾರ್ತಿ ತುಂಬಿದ್ದು, ಆಕೆಗೆ ಆ ಖಣ ಕೊಳ್ಳುವುದೂ ಭಾರವಾಗಿದ್ದ ಕಾಲ. ಹಾಗೆ ಒಂದೊಂದೇ ಕೈಗೆ ಬರುತ್ತ ಹೋಗಿ, ಸಂಜೆಯ ಹೊತ್ತಿಗೆ ಹಾಳೆಯ ಮೇಲಿನ ಬಣ್ಣದ ಲೆಕ್ಕ ತಾನಾಗಿ ಹಿಂದೆ ಸರಿದಿತ್ತು. ಖಣಗಳನ್ನು ಇಡಿಯಾಗಿ, ಕೊಟ್ಟವರ ಪ್ರಕಾರ ಜೋಡಿಸಿದೆವು. ತವರಿನ ಕಡೆಯವು ಒಂದು ಮಗ್ಗುಲಿಗೆ, ಅತ್ತೆಮನೆಯ ಕಡೆಯವು ಇನ್ನೊಂದಕ್ಕೆ, ಎರಡಕ್ಕೂ ಸೇರದ ಗೆಳತಿಯರು, ನೆರೆಹೊರೆಯವರು, ಸಹೋದ್ಯೋಗಿಗಳು ನಡುವಿಗೆ. ನಡುವಿನ ಭಾಗವೇ ಎಲ್ಲಕ್ಕಿಂತ ದೊಡ್ಡದಾಯಿತು. ಅದನ್ನು ನೋಡಿ ನಮಗೆಲ್ಲ ಎಷ್ಟು ಸಂತೋಷವಾಯಿತೆಂದರೆ, ಗಣಿತದ ಗೆಳತಿ ತಾನೇ ಹಾಳೆಯನ್ನು ಮಡಿಸಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಳು.

ಹೊಲಿಗೆಯ ಪಾಠ ನಮಗೆ ಬಂದದ್ದು ಆಯಿಯಿಂದ. ಊರೂರಿಗೆ ಹೋಗಿ, ಮನೆಯ ಕಟ್ಟೆಯ ಮೇಲೆ ಕೂತು ಕೌದಿ ಹೊಲಿದುಕೊಡುವ ಮನೆತನದಾಕೆ ಆಕೆ. ಹಿಂದೆ ನಮ್ಮ ಮನೆಗಳಿಗೂ ಇಂಥವರು ಬರುತ್ತಿದ್ದರು. ಅರಿವೆ ಮನೆಯವರದು, ಸೂಜಿ ಮತ್ತು ಕೈ ಅವರದು. ಕೂಲಿಯ ಜೊತೆ ಜೋಳ, ರೊಟ್ಟಿ, ಹಳೆ ಸೀರೆ.

ಆಯಿ ನಾವು ತಂದ ಅರಿವೆಯ ರಾಶಿಯ ಮುಂದೆ ಕೂತು ಮಾಡಿದ ಮೊದಲ ಕೆಲಸ ನನಗೆ ಇನ್ನೂ ಪಾಠ. ಆಕೆ ಬಣ್ಣ ನೋಡಲಿಲ್ಲ. ಒಂದೊಂದೇ ಅರಿವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡೂ ಕೈಯಿಂದ ಹಗುರಾಗಿ ಜಗ್ಗಿ, ಮೂರು ಗುಂಪು ಮಾಡಿದಳು. ನೆಲಕ್ಕೆ ತಿಕ್ಕುವ ಕೆಳಪದರಿಗೆ ಗಟ್ಟಿ ಅರಿವೆ. ಮೇಲಕ್ಕೆ ನೋಡಲು ಚಂದ ಇರುವ ತೇಪೆಗಳು. ಬೆಳಕು ಸೋರುವಷ್ಟು ತೆಳುವಾದ, ಹತ್ತಾರು ವರ್ಷ ಉಟ್ಟು ಒಗೆದು ಮೆತ್ತಗಾದ ಸೀರೆ, ಧೋತರಗಳೆಲ್ಲ ಒಳಕ್ಕೆ.

“ಬೆಚ್ಚಗ ಇಡೂದು ಇವು ನೋಡ್ರಿ ಅಕ್ಕಾರ. ಮ್ಯಾಲಿಂದು ಬರೇ ಮಾರಿ” ಎಂದು ಆ ಮೂರನೆಯ ಗುಂಪನ್ನು ತಟ್ಟಿದಳು.

ಕೌದಿಗೆ ಹತ್ತಿ ತುಂಬುವುದಿಲ್ಲ. ಪದರಿನ ಮೇಲೆ ಪದರು ಹಾಸಿ, ಸುಕ್ಕು ತೆಗೆದು, ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಹಿಡಿದಿಟ್ಟು, ಆಮೇಲೆ ಅಂಚಿನಿಂದ ಒಂದೊಂದು ಬೆರಳಗಲಕ್ಕೆ ಸಾಲು ಹೊಲಿಯುತ್ತ ಒಳಗೆ ಬರಬೇಕು. ಸೂಜಿ ಎಲ್ಲ ಪದರುಗಳನ್ನೂ ದಾಟಿ ಕೆಳಗಿನ ಕೈಗೆ ತಾಗಬೇಕು. ಹತ್ತಿಯ ಅರಿವೆಯಾದರೆ ಸೂಜಿ ಸರಾಗವಾಗಿ ಇಳಿಯುತ್ತದೆ. ಪಾಲಿಯೆಸ್ಟರ್ ಸೀರೆ ಜಾರುತ್ತದೆ, ಸೂಜಿಯನ್ನೂ ಹಿಡಿಯುತ್ತದೆ, ಹೊದ್ದರೆ ಬೆವರನ್ನೂ ಹೀರುವುದಿಲ್ಲ. ಹೊಸ ಖಣವನ್ನು ಹಳೆಯ ಧೋತರದ ಮೇಲೆ ಹಾಗೇ ಹೊಲಿಯಬಾರದು. ಹಳೆಯದು ಒಗೆತಕ್ಕೆ ಕುಗ್ಗುವಷ್ಟು ಕುಗ್ಗಿ ಆಗಿರುತ್ತದೆ, ಹೊಸದು ಮೊದಲ ನೀರಿಗೆ ಕುಗ್ಗಿ ಇಡೀ ಕೌದಿಯನ್ನು ಮುದುಡಿಸುತ್ತದೆ. ಅದಕ್ಕೇ ರಾತ್ರಿಯಿಡೀ ನೆನೆಹಾಕಿ ಒಣಗಿಸಿದ ಮೇಲೆಯೇ ಆಯಿ ಖಣಗಳನ್ನು ಮುಟ್ಟಲು ಬಿಟ್ಟಳು.

ನಾಲ್ಕು ಕಡೆ ಕೂತು ಹೊಲಿಯುವಾಗ ಒಬ್ಬೊಬ್ಬರ ಹೊಲಿಗೆ ಒಂದೊಂದು ತರ ಬೀಳುತ್ತದೆ. ಬ್ಯಾಂಕಿನಾಕೆಯದು ಸಣ್ಣ, ಸಮ. ಒಕ್ಕಲುತನದ ಮನೆಯವಳದು ಉದ್ದ, ತುಸು ಓರೆ, ಆದರೆ ಎಳೆದರೆ ಕಿತ್ತುಬರದಷ್ಟು ಬಿಗಿ. ನಾಲ್ಕೂ ಕಡೆಯ ಸಾಲುಗಳು ನಡುವಿಗೆ ಬಂದು ಕೂಡುವಾಗ ಅವು ಒಂದಕ್ಕೊಂದು ಹೊಂದುವುದಿಲ್ಲ ಎಂದು ಗಣಿತದ ಗೆಳತಿ ಚಿಂತಿಸಿದಳು. ಹೊಂದಿಸುವ ಗೋಜಿಗೆ ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಕೌದಿಯ ಯಾವ ಮೂಲೆಯನ್ನು ಮುಟ್ಟಿದರೂ ಯಾರು ಅಲ್ಲಿ ಕೂತಿದ್ದರು ಎಂದು ಕತ್ತಲಲ್ಲೂ ಬೆರಳಿಗೆ ತಿಳಿಯುತ್ತದೆ. ಮಿಶಿನ್ನಿನಲ್ಲಿ ಹೊಲಿದದ್ದು ಎಷ್ಟೇ ಚಂದವಿದ್ದರೂ ಈ ಗುರುತು ಕೊಡಲಾರದು.

ಮರುವರ್ಷ ಹಳಿಯಾಳ ತಾಲೂಕಿನ ಹಳ್ಳಿಯೊಂದರಿಂದ ಸಿದ್ದಿ ಸಮುದಾಯದ ಇಬ್ಬರು ಹೆಣ್ಣುಮಕ್ಕಳು ನಮ್ಮ ಜೊತೆ ಕೂರಲು ಒಪ್ಪಿ ಬಂದರು. ನೂರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದವರ, ಬಹುಪಾಲು ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ತರಲ್ಪಟ್ಟವರ ಸಂತತಿ ಅವರದು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಯ ಕಾಡಿನಂಚಿನಲ್ಲಿ ನೆಲೆಸಿದ ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅವರ ಕೌದಿಗೆ ಅವರು ಕವಂದಿ ಎನ್ನುತ್ತಾರೆ.

ಅವರು ಕೆಲಸ ಶುರು ಮಾಡಿದ ರೀತಿ ನೋಡಿ ನಾವೆಲ್ಲ ಸೂಜಿ ಕೆಳಗಿಟ್ಟೆವು. ನಾವು ಮೇಲಿನ ತೇಪೆಗಳನ್ನು ಮೊದಲು ಜೋಡಿಸಿಕೊಂಡು, ಆಮೇಲೆ ಪದರುಗಳ ಮೇಲೆ ಹಾಸುತ್ತಿದ್ದೆವು. ಅವರು ಹಳೆಯ ಸೀರೆಯೊಂದನ್ನು ಹಾಸಿ, ಅಂಚಿನ ಒಂದು ಮೂಲೆಯಲ್ಲಿ ಒಂದು ತೇಪೆ ಇಟ್ಟು, ಅದರ ಬದಿ ಮಡಚಿ ಹೊಲಿಯುತ್ತ, ಮುಂದಿನ ತೇಪೆಯನ್ನು ಆಗಲೇ ರಾಶಿಯಿಂದ ಆರಿಸಿ ಸೇರಿಸುತ್ತ, ಸುತ್ತು ಹಾಕಿಕೊಂಡು ಒಳಗೆ ಸಾಗಿದರು. ತೇಪೆ ಕೂಡುವುದು, ಪದರು ಹಿಡಿಯುವುದು ಎಲ್ಲ ಒಂದೇ ಹೊಲಿಗೆಯಲ್ಲಿ ಆಗುತ್ತಿತ್ತು. ಬರೆದ ನಕ್ಷೆ ಇಲ್ಲ. ನೇರಳೆಯ ಪಕ್ಕ ಹಳದಿ, ಹಳದಿಯ ಪಕ್ಕ ಗೆರೆಗೆರೆಯ ಲುಂಗಿ, ಅದರ ಬದಿಗೆ ಯಾರದೋ ಶಾಲೆಯ ಅಂಗಿಯ ನೀಲಿ. ನೋಡುತ್ತ ನೋಡುತ್ತ ಅದಕ್ಕೊಂದು ನಡಿಗೆ ಬಂತು. ನಡುವಿಗೆ ಬಂದು ಮುಗಿದ ಮೇಲೆ, ಚಿಕ್ಕ ಚೌಕ ಅರಿವೆಗಳನ್ನು ಮಡಚಿ ಮಡಚಿ ಮುಮ್ಮೂಲೆ ಮಾಡಿ ನಾಲ್ಕು ಮೂಲೆಗೂ ಹಚ್ಚಿದರು. ಅದು ಫುಲ, ಎಂದರೆ ಹೂವು. ಅದಿಲ್ಲದ ಕವಂದಿಯನ್ನು ಅವರು ಮುಗಿದ ಕವಂದಿ ಎಂದು ಕೈಗೆತ್ತಿ ಕೊಡುವುದಿಲ್ಲ. ಕ್ರೈಸ್ತ ಮನೆಯವರು ಮೇಲೆ ಶಿಲುಬೆ ಹೊಲಿಯುವುದುಂಟು, ಮುಸ್ಲಿಂ ಮನೆಯವರು ಅರ್ಧಚಂದ್ರ.

ವಿಷಯ ಇಟ್ಟುಕೊಂಡು ಹೊಲಿಯುವುದೆಂದರೆ ಮೊದಲೇ ಚಿತ್ರ ತೀರ್ಮಾನಿಸಿ, ಅದಕ್ಕೆ ತಕ್ಕ ಅರಿವೆ ಹುಡುಕುವುದು ಎಂಬ ರೂಢಿ ಈಗ ಬಹಳ ಇದೆ. ಅಂಗಡಿಯಲ್ಲಿ ಒಂದೇ ವಿಷಯದ ತುಂಡುಗಳ ಕಟ್ಟುಗಳೇ ಸಿಗುತ್ತವೆ. ಅದರಿಂದಲೂ ಒಳ್ಳೆಯ ಕೆಲಸ ಬರಬಹುದು, ಬೇಡ ಎನ್ನುವುದಿಲ್ಲ. ಆದರೆ ಉಟ್ಟು ತೊಟ್ಟ ಅರಿವೆ ತನ್ನ ವಿಷಯವನ್ನು ತಾನೇ ಹೊತ್ತು ಬಂದಿರುತ್ತದೆ. ಖಣಗಳು ನಮಗೆ ಅದನ್ನು ತೋರಿಸಿದ್ದವು, ಕವಂದಿಯ ಹೆಣ್ಣುಮಕ್ಕಳು ಅದನ್ನು ಕೈಯಲ್ಲೇ ಮಾಡಿ ತೋರಿಸಿದರು.

ಅದರ ಮುಂದಿನ ವರ್ಷದ ವಿಷಯ ಹೊಲವಾಗಿತ್ತು. ಒಕ್ಕಲುತನದ ಮನೆಯ ಗೆಳತಿಯ ಗಂಡ ತೀರಿಕೊಂಡು ಸ್ವಲ್ಪ ಕಾಲವಾಗಿತ್ತು, ಹೊಲವನ್ನು ಲಾವಣಿಗೆ ಕೊಟ್ಟಾಗಿತ್ತು. ವಿಷಯ ಸೂಚಿಸಿದವಳು ಅವಳೇ. ಎರೆಭೂಮಿಗೆ ಏನು ಹಾಕೋಣ ಎಂದಾಗ ತನ್ನ ಮದುವೆಯ ಚಂದ್ರಕಾಳಿ ಸೀರೆ ತಂದಿಟ್ಟಳು. ಮಡಿಕೆಯಲ್ಲೇ ಸೀಳಿದ್ದರೂ ಕಪ್ಪು ಮಾಸಿರಲಿಲ್ಲ. ಅದರ ಮೇಲೆ ಕೂರಿಗೆಯ ಸಾಲುಗಳಂತೆ ಬಿಳಿ ಜೋಳಕ್ಕೆ ಇಳಕಲ್ ಸೀರೆಯ ಟೋಪು ತೆನೆಯ ಸೆರಗಿನ ಬಿಳಿ ಭಾಗ, ಕಡಲೆಗೆ ಹಸಿರು ಅಂಚು, ಗೋದಿಗೆ ಯಾರದೋ ಮಾಸಲು ಹಳದಿ ಪತ್ತಲ. ಕುಸುಬಿಯನ್ನು ಎಲ್ಲಿ ಹಾಕಬೇಕೆಂದು ಅವಳಿಗೆ ಕೇಳಬೇಕಾಗಲಿಲ್ಲ.

“ದಂಡಿಗೆ ಹಾಕ್ರಿ. ಮುಳ್ಳು ಇರ್ತಾವ, ದನಾ ಒಳಗ ಬರೂದಿಲ್ಲ.”

ಹಾಗಾಗಿ ಆ ಕೌದಿಯ ನಾಲ್ಕೂ ಅಂಚಿಗೆ ಕೇಸರಿ, ಹಳದಿ ಬಣ್ಣದ ಮೊನಚು ತ್ರಿಕೋನಗಳು ಬಂದವು. ಸೀಗಿ ಹುಣ್ಣಿಮೆಗೆ ಚರಗ ಚೆಲ್ಲುವ ಜಾಗಕ್ಕೆ ಬನ್ನಿಗಿಡ ಬೇಕೆಂದು ಒಂದು ಹಸಿರು ತೇಪೆ. ಅವಳು ಹೇಳುತ್ತ ಹೋದಳು, ನಾವು ಇಡುತ್ತ ಹೋದೆವು. ಹೊಲದ ಬಗ್ಗೆ, ಅದನ್ನು ಬಿಟ್ಟ ಬಗ್ಗೆ ಅವಳು ಅದುವರೆಗೆ ನಮ್ಮೆದುರು ಮಾತಾಡಿರಲಿಲ್ಲ. ಆಗಲೂ ಮಾತಾಡಿದ್ದು ಬೆಳೆಯ ಬಗ್ಗೆ, ಬದುವಿನ ಬಗ್ಗೆ, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತಿತ್ತು ಎಂಬ ಬಗ್ಗೆ ಮಾತ್ರ. ಪದರು ಹಾಸುವ ಹೊತ್ತಿಗೆ ಕೈಚೀಲದಿಂದ ಮೂರ್ನಾಲ್ಕು ಧೋತರ ತೆಗೆದು, ತಾನೇ ಕೂತು ಸುಕ್ಕು ತೀಡಿ, ಹೊಲದ ಕೆಳಗೆ ಹಾಸಿದಳು. ಯಾರದು ಎಂದು ಯಾರೂ ಕೇಳಲಿಲ್ಲ.

ಅದಾದ ಮೇಲಿನ ವರ್ಷ, ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿಬಂದ ಗೆಳತಿ ಒಂದು ದೊಡ್ಡ ಚಿತ್ರಪುಸ್ತಕ ತಂದಳು. ಅಲಬಾಮಾ ನದಿಯ ತಿರುವಿನಲ್ಲಿರುವ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಣ್ಣುಮಕ್ಕಳ ಕೌದಿಗಳು. ಗುಲಾಮರಾಗಿ ದುಡಿದ ತೋಟದ ಒಡೆಯನ ಹೆಸರೇ, ಪೆಟ್‌ವೇ ಎಂದು, ಇಂದಿಗೂ ಅಲ್ಲಿನ ಬಹಳ ಮನೆಗಳ ಅಡ್ಡಹೆಸರು. 2002ರಲ್ಲಿ ಅವರ ಕೌದಿಗಳ ಪ್ರದರ್ಶನ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ಆಯಿತು, ಅದೇ ವರ್ಷ ನ್ಯೂಯಾರ್ಕಿನ ವಿಟ್ನಿಯಲ್ಲೂ. 2006ರಲ್ಲಿ ಅಮೆರಿಕದ ಅಂಚೆಚೀಟಿಗಳ ಮೇಲೆ ಅವು ಬಂದವು. ಆ ಕೌದಿಗಳಲ್ಲೊಂದನ್ನು ಮಿಸೌರಿ ಪೆಟ್‌ವೇ ಎಂಬಾಕೆ 1942ರಲ್ಲಿ ಹೊಲಿದಳು. ಗಂಡ ತೀರಿಕೊಂಡಾಗ ಅವನು ಹೊಲದಲ್ಲಿ ದುಡಿಯಲು ತೊಡುತ್ತಿದ್ದ ಬಟ್ಟೆಗಳನ್ನೆಲ್ಲ ಬಿಚ್ಚಿ, ಅವನ ನೆನಪಿಗೆ, ಅದರಡಿ ಮಲಗಬೇಕೆಂದು ಹೊಲಿದದ್ದು. ಆಗ ಜೊತೆಗಿದ್ದ ಮಗಳು ಅರ್ಲೋಂಜಿಯಾ ಮುಂದೆ ತಾನೂ ದೊಡ್ಡ ಕೌದಿಗಾರ್ತಿಯಾಗಿ ಈ ಸಂಗತಿಯನ್ನು ಹೇಳಿದ್ದಾಳೆ. ಮಾಸಿದ ನೀಲಿ, ಬೂದು, ಬಿಳಿಯ ಉದ್ದ ಪಟ್ಟಿಗಳು. ಸವೆದು ಬಣ್ಣ ಬಿಟ್ಟದ್ದು ಚಿತ್ರದಲ್ಲೂ ಕಾಣುವಂತಿದೆ.

ರಾತ್ರಿ ಊಟವಾದ ಮೇಲೆ ಪುಸ್ತಕ ಕೈಯಿಂದ ಕೈಗೆ ಹೋಯಿತು. ಒಕ್ಕಲುತನದ ಮನೆಯವಳು ಆ ಪುಟವನ್ನು ಬಹಳ ಹೊತ್ತು ನೋಡಿ, ಬ್ಯಾಂಕಿನಾಕೆಗೆ ಕೊಡುತ್ತ, “ಆಕಿ ಮ್ಯಾಲೆ ಹಾಕ್ಯಾಳ, ನಾ ಒಳಗ ಹಾಕೇನಿ. ಅಷ್ಟ ಫರಕ” ಎಂದಳು.

ಆಮೇಲೆ ಒಬ್ಬೊಬ್ಬರಾಗಿ ಮಾತು ಬಿಚ್ಚಿಕೊಂಡಿತು. ಖಣದ ಕೌದಿಯ ಒಳಗೆ ಗಣಿತದ ಗೆಳತಿ ತನ್ನ ತಾಯಿಯ, ಆಸ್ಪತ್ರೆಯಿಂದ ಮರಳಿ ತಂದ ಸೀರೆ ಸೇರಿಸಿದ್ದಳು. ಇನ್ನೊಬ್ಬಳು ದೂರ ಹೋದ ಮಗನ ಶಾಲೆಯ ಅಂಗಿಗಳನ್ನು. ನಾನು ಅಪ್ಪನ ಧೋತರದ ಜೊತೆ ಅವರು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಟವೆಲ್ಲನ್ನು ಇಟ್ಟಿದ್ದೆ. ಮೇಲಿನ ಪದರಿನ ಬಗ್ಗೆ ಅಷ್ಟೊಂದು ವಾದಿಸಿದ ನಾವು ಒಳಗಿನದನ್ನು ಮಾತಿಲ್ಲದೆ ಹಾಸಿಬಿಟ್ಟಿದ್ದೆವು. ಮಾತಾಡಿದ್ದರೆ ಅವುಗಳನ್ನು ತರುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಖಣ ಎಂದೋ ಹೊಲ ಎಂದೋ ಮೇಲೆ ಒಂದು ವಿಷಯ ಇದ್ದದ್ದರಿಂದಲೇ, ಕೈಗೆ ಅದರ ಕೆಲಸ ಇದ್ದದ್ದರಿಂದಲೇ, ಕೆಳಗೆ ಅವು ಬಂದು ಸೇರಿದವು.

ನಾವು ಹೊಲಿದದ್ದನ್ನು ಗೋಡೆಗೆ ತೂಗುಹಾಕುವುದು ನನಗೆ ಇಷ್ಟವಿಲ್ಲ. ಹೊಲದ ಕೌದಿಯನ್ನು ಒಂದು ಕಡೆ ಪ್ರದರ್ಶನಕ್ಕೆ ಕೇಳಿದ್ದರು, ಕೊಟ್ಟೆವು. ತಿರುಗಿ ಬಂದ ಮೇಲೆ ಗೆಳತಿಯ ಮೊಮ್ಮಗ ಅದನ್ನೇ ಹೊದೆಯುತ್ತಾನೆ, ಅದರ ಮೇಲೆ ಹಾಲು ಚೆಲ್ಲುತ್ತಾನೆ. ಅದು ಒಗೆತಕ್ಕೆ ಹೋಗುತ್ತದೆ, ಮಾಸುತ್ತದೆ, ಒಂದು ದಿನ ಮೇಲಿನ ಪದರು ಹರಿಯುತ್ತದೆ. ಆಗ ಅದರ ಮೇಲೆ ಹೊಸ ಅರಿವೆ ಹಾಸಿ ಮತ್ತೆ ಹೊಲಿಯಬಹುದು. ಹಳೆಯ ಕೌದಿಯೇ ಹೊಸದಕ್ಕೆ ಒಳಪದರು. ಆಯಿಯ ಮನೆಯಲ್ಲಿ ಅಂಥದೊಂದಿದೆ, ಒಳಗೆ ಅವಳ ಅಜ್ಜಿ ಹೊಲಿದದ್ದೂ ಇದೆಯಂತೆ. ಎತ್ತಲು ಇಬ್ಬರು ಬೇಕು.

ಆದರೆ ಪ್ರದರ್ಶನ, ಮಾರಾಟದ ಮಾತನ್ನು ಆಯಿಯಂಥವರ ವಿಷಯದಲ್ಲಿ ಹಾಗೆ ತಳ್ಳಿಹಾಕಲಾಗದು. ನಮಗೆ ಇದು ವರ್ಷಕ್ಕೊಮ್ಮೆ ಕೂಡುವ ಸುಖ, ಅವರಿಗೆ ಹೊಟ್ಟೆಪಾಡು. ಸಿದ್ದಿ ಹೆಣ್ಣುಮಕ್ಕಳ ಕವಂದಿಗಳು 2011ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಆಫ್ರಿಕನ್ ಡಯಾಸ್ಪೊರಾ ಸಂಗ್ರಹಾಲಯದ ಗೋಡೆ ಏರಿದವು. ಅವರ ಕೆಲಸಕ್ಕೆ ಅಲ್ಲಿ ಸಿಕ್ಕ ಗೌರವ ಧಾರವಾಡ, ಹುಬ್ಬಳ್ಳಿಯಲ್ಲೂ ಸಿಗಬೇಕು. ಒಂದು ದೊಡ್ಡ ಕೌದಿ ಹಲವು ವಾರಗಳ ಕೈಕೆಲಸ. ಅದಕ್ಕೆ ರಗ್ಗಿನ ಬೆಲೆ ಕಟ್ಟಿ ಚೌಕಾಸಿ ಮಾಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನಾವು ಕಲಿಸಲು ಬಂದವರಿಗೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಿಗೆ ಕೊಡುವ ಲೆಕ್ಕದಲ್ಲೇ ಗೌರವಧನ ಕೊಡುತ್ತೇವೆ, ಊಟಕ್ಕೆ ಒಂದೇ ಪಂಕ್ತಿ. ಇದನ್ನು ದೊಡ್ಡ ಮಾತೆಂದು ಹೇಳುತ್ತಿಲ್ಲ. ಕೌದಿ ಕಲಿಯಲು ಕೂಡುವ ಹೆಣ್ಣುಮಕ್ಕಳ ಗುಂಪುಗಳು ಈಗ ಹೆಚ್ಚುತ್ತಿವೆ, ಅವರೆಲ್ಲ ಇಷ್ಟನ್ನಾದರೂ ಮಾಡಲಿ ಎಂದು ಬರೆಯುತ್ತಿದ್ದೇನೆ.

ಈ ಸಲದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಗಣಿತದ ಗೆಳತಿ ಮಳೆ ಎನ್ನುತ್ತಾಳೆ. ಧಾರವಾಡದ ಜಿಟಿಜಿಟಿ ಮಳೆಗೆ ಬೂದು ಬಣ್ಣದಲ್ಲೇ ಎಷ್ಟು ತರ ಬೇಕೆಂದು ಆಗಲೇ ಯೋಚಿಸಿಟ್ಟಿದ್ದಾಳೆ. ಬ್ಯಾಂಕಿನಾಕೆಗೆ ಬರೀ ಗಂಡಸರ ಅರಿವೆಯಲ್ಲಿ ಒಂದು ಕೌದಿ ಆಗಬೇಕು. ಅಂಗಿ, ಪೈಜಾಮ, ಲುಂಗಿ, ಧೋತರ, ಒಂದಾದರೂ ಪೊಲೀಸ್ ಖಾಕಿ. ಆಯಿಗೆ ಫೋನು ಮಾಡಿ ಕೇಳಿದೆವು.

“ಯಾವುದರ ಮಾಡ್ರಿ ಅಕ್ಕಾರ, ಅರಿವಿ ಮೊದಲ ಒಗದು ತರ್ರಿ. ಹೋದ ವರ್ಷ ಗಂಜಿ ಹಾಂಗ ಇತ್ತು, ಸೂಜಿ ಇಳೀಲಿಲ್ಲ” ಎಂದಳು.

ನಿನ್ನೆಯಿಂದ ನಮ್ಮ ಹಿತ್ತಲಲ್ಲಿ ಬಿಸಿನೀರಿನ ಹಂಡೆ ಏರಿದೆ.